ಹತ್ತಿ ನಿಲ್ಲುವ ಸ್ಟೂಲು

ಮೊನ್ನೆ ಮಣಿಪಾಲದಲ್ಲಿ ಜೋರು ಮಳೆ. ಒಂದು ಹಾಸ್ಟೆಲಿಗೆ ಗೋಬಿ ಮಂಚೂರಿ ತಲುಪಿಸಬೇಕಿತ್ತು. ಬೈಕಿನಲ್ಲಿ ತಿಂಡಿ ಮುಟ್ಟಿಸುವುದು ನಾನು ಈಗ ಮಾಡುವ ಕೆಲಸ. ನೀರು ತುಂಬಿದ ಹೊಂಡ ಕಾಣದೆ ಬೈಕು ಹಾರಿ, ಬೆನ್ನ ಮೇಲಿನ ಚೀಲದೊಳಗೆ ಡಬ್ಬದ ಮುಚ್ಚಳ ಬಿಟ್ಟಿತ್ತು. ಛತ್ರಿ ಹಿಡಿದು ಗೇಟಿನವರೆಗೆ ಬಂದ ಹುಡುಗ ಸೋರುತ್ತಿದ್ದ ಡಬ್ಬ ನೋಡಿ ಬೇಡ ಎಂದ. ಅವನ ತಪ್ಪಲ್ಲ. ಕಂಪೆನಿಯವರನ್ನು ಫೋನಿನಲ್ಲಿ ಕೇಳಿದರೆ ಬಿಸಾಡಿಬಿಡಿ ಎಂಬ ಉತ್ತರ ಬಂತು. ನಾನು ಬಿಸಾಡಲಿಲ್ಲ. ಬಸ್ಸು ನಿಲ್ಲುವ ಒಂದು ಸೂರಿನಡಿಗೆ ಬೈಕು ತಳ್ಳಿಕೊಂಡು ಹೋಗಿ ಚೀಲ ಬಿಡಿಸಿದೆ. ಬೆಳ್ಳುಳ್ಳಿ, ಸಾಸು, ಕರಿದ ಎಣ್ಣೆ, ಅದರ ಜೊತೆಗೆ ಒದ್ದೆ ರೆಕ್ಸಿನಿನ ವಾಸನೆ… ಅಷ್ಟು ಸಾಕಾಯಿತು. ಉಡುಪಿಯಿಂದ ಕಾಪುವಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ, ಟರ್ಪಾಲು ಇಳಿಬಿಟ್ಟ ಕಿಟಕಿಯ ಬದಿಯಲ್ಲಿ, ಅಕ್ಕನ ಜೊತೆ ಕೂತ ಹಾಗೆ ಆಯಿತು.

ಈಗಿನ ಗೋಬಿಗೆ ಆ ಕೆಂಪು ಇಲ್ಲ. ಬಣ್ಣ ಹಾಕಬಾರದು ಎಂದು ಆಗಿದೆಯಂತೆ. ಅಕ್ಕ ತಿನ್ನುತ್ತಿದ್ದ ಕಾಲದಲ್ಲಿ ಅದು ಕುಂಕುಮದ ಹಾಗೆ ಇರುತ್ತಿತ್ತು. ತಿಂದ ಬೆರಳಿನಿಂದ ಬಣ್ಣ ಬೇಗ ಬಿಡುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಅಂಗಡಿಯ ಬಿಳಿ ಕಾಟನ್ ಸೀರೆ ಮುಟ್ಟುವ ಮೊದಲು ಅವಳು ಬೆರಳುಗಳನ್ನು ಲಿಂಬೆ ಸಿಪ್ಪೆಯಿಂದ ಉಜ್ಜುತ್ತಿದ್ದಳು. ಬಿಡು ಎಂದರೆ ಬಿಡುತ್ತಿರಲಿಲ್ಲ, ಗೋಬಿಯನ್ನೂ, ಉಜ್ಜುವುದನ್ನೂ.

ಅಕ್ಕ ಹೋದ ಮೇಲೆ ಇದು ಎರಡನೆಯ ಮಳೆಗಾಲ. ಅವಳ ಬಗ್ಗೆ ನಮ್ಮ ಕಾಪುವಿನಲ್ಲಿ, ನೆಂಟರ ಮನೆಗಳಲ್ಲಿ, ಒಂದು ಮಾತು ಉಂಟು. ಒಳ್ಳೆಯವಳೇ, ಆದರೆ ಜೋರು. ಉಡುಪಿಯ ಜವಳಿ ಅಂಗಡಿಯ ಕೆಲಸವನ್ನು ಸೊಕ್ಕಿನಿಂದ ಕಳೆದುಕೊಂಡಳು, ಗಿರಾಕಿ ಬಂದಾಗ ಎದ್ದು ನಿಲ್ಲಲಿಲ್ಲ, ಎಲ್ಲರ ಎದುರು ನೆಲದ ಮೇಲೆ ಕುಳಿತು ರಂಪ ಮಾಡಿದಳು ಎಂದು. ನೆಲದ ಮೇಲೆ ಕುಳಿತದ್ದು ನಿಜ. ಉಳಿದದ್ದು ಸುಳ್ಳು. ಸುಳ್ಳು ಎಂದು ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ, ಮತ್ತು ನಾನು ಬಾಯಿ ಬಿಡಲಿಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆದು ಅಭ್ಯಾಸ ಇಲ್ಲ. ಆದರೂ ಬರೆಯುತ್ತೇನೆ. ಹೇಳಿದ್ದನ್ನು ಜನ ತಿರುಚುತ್ತಾರೆ, ಬರೆದದ್ದನ್ನು ತಿರುಚಲು ಸ್ವಲ್ಪ ಕಷ್ಟಪಡಬೇಕು.

ಅಪ್ಪ ಬೇಗ ಹೋದರು. ಅಮ್ಮ ಬೀಡಿ ಕಟ್ಟಿ ನಮ್ಮಿಬ್ಬರನ್ನು ಸಾಕಿದರು. ಅಕ್ಕ ಎಸ್‌ಎಸ್‌ಎಲ್‌ಸಿ ಮುಗಿಸಿ ಉಡುಪಿಯ ಆ ಅಂಗಡಿಗೆ ಸೇರಿದಳು. ನಾನು ಒಂದು ಹೋಟೆಲು, ಒಂದು ಗ್ಯಾರೇಜು, ಒಂದು ಬಸ್ಸಿನ ಕ್ಲೀನರು ಎಂದು ಎಲ್ಲಿಯೂ ನಿಲ್ಲದೆ ತಿರುಗುತ್ತಿದ್ದಾಗ, ಅವಳೇ ದಣಿಗಳ ಹತ್ತಿರ ಮಾತಾಡಿ ನನ್ನನ್ನು ಅಲ್ಲಿಯ ಪ್ಯಾಕಿಂಗಿಗೆ ಹಾಕಿಸಿದಳು. ದಣಿ ಎಂದರೆ ಅಂಗಡಿಯ ಮಾಲೀಕರು. ನಾವೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದೆವು.

ಅಂಗಡಿಗೆ ಮೂರು ಮಹಡಿ. ಕೆಳಗೆ ಬಿಲ್ಲು ಮತ್ತು ಪ್ಯಾಕಿಂಗು. ನಡುವಿನ ಮಹಡಿಯಲ್ಲಿ ಕಾಟನ್ ಸೀರೆ, ಚೂಡಿದಾರದ ಬಟ್ಟೆ. ಅಲ್ಲಿ ಎಲ್ಲ ಹೆಂಗಸರು, ಅಕ್ಕನೂ ಅಲ್ಲಿ. ಮೇಲಿನ ಮಹಡಿ ರೇಷ್ಮೆಯದು. ಅಲ್ಲಿ ಬಿಳಿ ಹಾಸಿಗೆ ಹಾಸಿ, ಅದರ ಮೇಲೆ ಗಂಡಸರು ಚಕ್ಕಳಮಕ್ಕಳ ಹಾಕಿ ಕುಳಿತು ಸೀರೆ ಬಿಡಿಸಿ ತೋರಿಸುತ್ತಿದ್ದರು. ರೇಷ್ಮೆ ಕೊಳ್ಳಲು ಬಂದವರಿಗೆ ಹಾಗೆ ಕುಳಿತು ತೋರಿಸುವುದೇ ಮರ್ಯಾದೆ. ಕಾಟನ್ ಕೊಳ್ಳಲು ಬಂದವರಿಗೆ ನಿಂತು ತೋರಿಸುವುದು ಮರ್ಯಾದೆ. ಇದನ್ನು ಯಾರು ಮಾಡಿದ್ದೋ ಗೊತ್ತಿಲ್ಲ. ಬೆಳಿಗ್ಗೆ ಶಟರು ಎತ್ತಿದಲ್ಲಿಂದ ಸಂಜೆಯವರೆಗೆ ನಡುವಿನ ಮಹಡಿಯ ಹೆಂಗಸರು ಕೂರುವಂತಿರಲಿಲ್ಲ. ಗಿರಾಕಿ ಇದ್ದರೂ ಇಲ್ಲ, ಇಲ್ಲದಿದ್ದರೂ ಇಲ್ಲ. ಮೆಟ್ಟಲು ಹತ್ತಿ ಬಂದವರಿಗೆ ಕೂತ ಹುಡುಗಿಯರು ಕಂಡರೆ ವ್ಯಾಪಾರ ಇಲ್ಲದ ಅಂಗಡಿಯ ಹಾಗೆ ಕಾಣುತ್ತದೆ ಎಂದು ಮೇನೇಜರರು ಹೇಳುತ್ತಿದ್ದರು. ಮೂಲೆಯಲ್ಲಿ ಕ್ಯಾಮರಾ ಇತ್ತು. ದಣಿಗಳು ಮೇಲಿನ ಕ್ಯಾಬಿನ್ನಿನಲ್ಲಿ ಕುಳಿತು ಅದನ್ನು ನೋಡುತ್ತಿದ್ದರು.

ದಣಿಗಳು ಕೆಟ್ಟವರಲ್ಲ. ದೀಪಾವಳಿಗೆ ಎಲ್ಲರಿಗೂ ಬಟ್ಟೆ ಕೊಡುತ್ತಿದ್ದರು. ಕೂರಲು ಕೊಡುತ್ತಿರಲಿಲ್ಲ. ಎರಡನ್ನೂ ಬರೆಯುತ್ತೇನೆ.

ಹೆಂಗಸರು ತಮ್ಮದೇ ಉಪಾಯ ಕಂಡುಕೊಂಡಿದ್ದರು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುವುದು, ಕ್ಯಾಮರಾಕ್ಕೆ ಕಾಣದ ಹಾಗೆ ರ‍್ಯಾಕಿಗೆ ಸೊಂಟ ಒರಗಿಸುವುದು, ಸರದಿಯಲ್ಲಿ ಬಾತ್‌ರೂಮಿಗೆ ಹೋಗಿ ಅಲ್ಲಿ ಬಕೆಟು ಕವುಚಿ ಕೂತು ಬರುವುದು. ಅಕ್ಕ ಒಂದು ದಿನವೂ ಹಾಗೆ ಹೋಗಲಿಲ್ಲ. ಜೊತೆಯವಳೊಬ್ಬಳು, ಹೋಗಿ ಬಾರೇ, ನಾನು ನೋಡಿಕೊಳ್ಳುತ್ತೇನೆ ಎಂದರೆ, "ಕಕ್ಕಸಿನಲ್ಲಿ ಕೂತು ಆರಾಮ ಮಾಡ್ಲಿಕ್ಕೆ ನನ್ನನ್ನು ಅಮ್ಮ ಹೆತ್ತದ್ದಲ್ಲ" ಎಂದಿದ್ದಳಂತೆ. ಇದನ್ನು ನಗುತ್ತಾ ನನಗೆ ಹೇಳಿದ್ದು ಅವಳೇ. ಅಕ್ಕನ ಜೋರು ಎಂದರೆ ಇದು. ಇದಕ್ಕೆ ಜೋರು ಎನ್ನುವವರು ಹತ್ತು ಗಂಟೆ ನಿಂತು ನೋಡಲಿ.

ಸಂಜೆ ಹೊತ್ತಿಗೆ ಅವಳ ಪಾದ ಊದಿ, ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಅಚ್ಚಾಗಿರುತ್ತಿತ್ತು. ಪ್ಯಾಕಿಂಗಿನವರನ್ನು ಸ್ವಲ್ಪ ಮೊದಲು ಬಿಡುತ್ತಿದ್ದರು. ಮೇಲಿನವರು ಹರಡಿದ ಬಟ್ಟೆಯನ್ನೆಲ್ಲ ಮಡಚಿಟ್ಟು ಇಳಿಯಬೇಕಿತ್ತು. ಹಾಗಾಗಿ ಓಡಿಹೋಗಿ ಬಸ್ಸಿನಲ್ಲಿ ಸೀಟು ಹಿಡಿಯುವುದು ನನ್ನ ಕೆಲಸ. ಬಸ್ಸು ಹಿಂದಕ್ಕೆ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಛತ್ರಿ ಒಳಗೆ ಎಸೆಯುತ್ತಿದ್ದೆ. ನಮ್ಮ ಕಡೆ ಸೀಟಿನ ಮೇಲೆ ಛತ್ರಿಯೋ ಕರ್ಚೀಫೋ ಬಿದ್ದರೆ ಅದು ರಿಜಿಸ್ಟ್ರಿ ಆದ ಹಾಗೆ, ಎಷ್ಟೇ ಜನ ಇದ್ದರೂ ಯಾರೂ ತಕರಾರು ಎತ್ತುವುದಿಲ್ಲ. ಅಕ್ಕ ಗೋಬಿಯ ಗಾಡಿಯಿಂದ ಒಂದು ಪ್ಲೇಟ್ ಪಾರ್ಸೆಲು ಮಾಡಿಸಿಕೊಂಡು ಬಂದು ಆ ಸೀಟಿನಲ್ಲಿ ಕೂರುತ್ತಿದ್ದಳು. ಕೂರುವಾಗ ಅವಳ ಬಾಯಿಂದ ಒಂದು ಸಣ್ಣ ಸ್ವರ ಬರುತ್ತಿತ್ತು… ಅದನ್ನು ಹೇಗೆ ಬರೆಯುವುದು ನನಗೆ ಗೊತ್ತಿಲ್ಲ.

ಗಾಡಿಯ ಹತ್ತಿರ ನಿಂತು ಅವಳು ಎಂದೂ ತಿನ್ನಲಿಲ್ಲ. ಮಧ್ಯಾಹ್ನ ಮಳೆ ಹಿಡಿದು, ಅಂಗಡಿಯಲ್ಲಿ ಜನ ಇಲ್ಲದೆ, ನಿಂತು ನಿಂತು ಕಣ್ಣು ಕತ್ತಲೆ ಬರುವಾಗ ಮನಸ್ಸಿಗೆ ಬರುವುದು ಗೋಬಿ ಒಂದೇ ಎನ್ನುತ್ತಿದ್ದಳು. ಗೋಬಿ ಎಂದರೆ ಅವಳಿಗೆ ಬರೀ ಗೋಬಿಯಲ್ಲ, ಕೂತು ತಿನ್ನುವ ಗೋಬಿ. ಒಂದು ಪ್ಲೇಟು, ಎರಡು ಕಡ್ಡಿ. ಉದ್ಯಾವರದ ಸೇತುವೆ ದಾಟುವಾಗ ಮುಗಿದಿರುತ್ತಿತ್ತು. ಕೊನೆಯ ತುಂಡು ಯಾವಾಗಲೂ ನನಗೆ. ಚರಂಡಿ ನೀರಿನಲ್ಲಿ ಮಾಡಿದ್ದನ್ನು ತಿಂದು ಹೊಟ್ಟೆ ಹಾಳು ಮಾಡಿಕೊಳ್ಳುತ್ತೀರಿ ಎಂದು ಅಮ್ಮ ಬೈದರೆ, ಅಮ್ಮನಿಗೂ ಒಂದು ಪಾರ್ಸೆಲು ತಂದು ಅವರ ಬಾಯಿ ಮುಚ್ಚಿಸಿದ್ದಳು.

ಒಂದು ದಿನ ಟಿಕೆಟು ಹರಿಯುತ್ತಾ ಬಂದ ಕಂಡಕ್ಟರು ಮೂಗು ಮುಚ್ಚಿಕೊಂಡು, ಅಕ್ಕ, ಬಸ್ಸಿಡೀ ಗೋಬಿ ವಾಸನೆ ಮಾಡಿದ್ರಲ್ಲ ಎಂದ.

"ನಿನ್ನ ಬಸ್ಸಿಗೆ ಇದಕ್ಕಿಂತ ಒಳ್ಳೆ ವಾಸನೆ ಯಾವತ್ತು ಬಂದಿತ್ತು ಮಾರಾಯ?" ಎಂದಳು ಅಕ್ಕ. ಹಿಂದಿನ ಸೀಟಿನವರೆಲ್ಲ ನಕ್ಕರು. ಕಂಡಕ್ಟರು ಕೈ ಚಾಚಿ ಒಂದು ತುಂಡು ತೆಗೆದುಕೊಂಡು ಮುಂದೆ ಹೋದ.

ಈಗ ಸ್ಟೂಲಿನ ವಿಷಯ.

ನಡುವಿನ ಮಹಡಿಯಲ್ಲಿ ಒಂದು ಮರದ ಸ್ಟೂಲು ಇತ್ತು. ಮೇಲಿನ ಖಾನೆಯ ಬಟ್ಟೆ ತೆಗೆಯಲು ಹತ್ತಿ ನಿಲ್ಲುವುದಕ್ಕಾಗಿ ಇಟ್ಟದ್ದು. ಅದರ ಮೇಲೆ ನಿಲ್ಲಬಹುದಿತ್ತು, ಕೂರುವಂತಿರಲಿಲ್ಲ. ಆ ಆಷಾಢದಲ್ಲಿ ಒಂದು ವಾರ ಬಿಡದ ಮಳೆ, ವ್ಯಾಪಾರವೇ ಇಲ್ಲ. ಒಂದು ಮಧ್ಯಾಹ್ನ ಅಕ್ಕ ಸ್ಟೂಲನ್ನು ಎಳೆದುಕೊಂಡು, ಕ್ಯಾಮರಾದ ನೇರ ಎದುರಿಗೆ ಹಾಕಿ, ಕೂತಳು. ಬಚ್ಚಿಟ್ಟುಕೊಂಡು ಅಲ್ಲ. ಮೇನೇಜರರು ಓಡಿ ಬಂದು, ಅದು ಹತ್ತಲಿಕ್ಕೆ ಇರುವುದು, ಕೂರಲಿಕ್ಕಲ್ಲ ಎಂದರಂತೆ.

"ಕಾಲಿಗೊಂದು ಕಾನೂನು, ಕುಂಡೆಗೊಂದು ಕಾನೂನಾ ಸರ್?" ಎಂದು ಅಕ್ಕ ಕೇಳಿದಳು. ಆ ಮಾತು ಕೆಳಗಿನ ಬಿಲ್ಲಿನವರೆಗೆ ಇಳಿದು ಬಂತು. ಸಂಜೆಯೊಳಗೆ ಅದು ಅಂಗಡಿಯ ಎಲ್ಲರ ಬಾಯಲ್ಲಿತ್ತು. ಅದರ ನಂತರ ಅವಳು ಹೇಳಿದ ಮಾತು ಮಾತ್ರ ಯಾರ ಬಾಯಲ್ಲೂ ಉಳಿಯಲಿಲ್ಲ. "ಗಿರಾಕಿ ಬಂದ ಕೂಡಲೇ ಏಳ್ತೇನೆ. ಏಳದಿದ್ರೆ ಕೇಳಿ."

ಮಾರನೆಯ ದಿನವೂ ಕೂತಳು. ಗಿರಾಕಿ ಮೆಟ್ಟಲು ಹತ್ತುವ ಸದ್ದಾದರೆ ಎದ್ದಳು, ಹೋದ ಮೇಲೆ ಕೂತಳು. ಅದರ ಮರುದಿನ ಇನ್ನೊಬ್ಬಳು ಅಕ್ಕನ ಹತ್ತಿರ ಬಂದು, ನನಗೂ ಸ್ವಲ್ಪ ಕೊಡು ಎಂದಳು. ಒಂದು ಸ್ಟೂಲಿಗೆ ಸರದಿ ಶುರುವಾಯಿತು. ಒಬ್ಬಳು ಕೂತರೆ ಸೊಕ್ಕು ಎನ್ನಬಹುದು. ಸರದಿಯಲ್ಲಿ ಕೂತರೆ ಏನು ಹೇಳುವುದು? ಮೇನೇಜರರಿಗೆ ತೊಂದರೆಯಾದದ್ದು ಅಲ್ಲಿ.

ಅವರು ನನ್ನನ್ನು ಗೋಡೌನಿಗೆ ಕರೆದರು. ಚಹಾ ತರಿಸಿಕೊಟ್ಟರು. ಅದಕ್ಕಿಂತ ಮೊದಲು ಪ್ಯಾಕಿಂಗಿನವನಿಗೆ ಯಾರೂ ಚಹಾ ತರಿಸಿದ್ದಿಲ್ಲ. ಆ ಸ್ಟೂಲನ್ನು ಕೆಳಗೆ ತಂದುಬಿಡು ಎಂದರು. ಬೇರೆ ಯಾರು ಮುಟ್ಟಿದರೂ ನಿನ್ನಕ್ಕ ಜಗಳಕ್ಕೆ ಬರುತ್ತಾಳೆ, ನೀನಾದರೆ ಸುಮ್ಮನಿರುತ್ತಾಳೆ. ಮಾತು ಬೆಳೆದರೆ ಅವಳ ಕೆಲಸಕ್ಕೇ ಕಷ್ಟ, ಅವಳ ಒಳ್ಳೆಯದಕ್ಕೇ ಹೇಳುವುದು. ಇಷ್ಟು ಹೇಳಿ, ಗ್ಲಾಸು ಕೆಳಗಿಟ್ಟು, ಬರುವ ತಿಂಗಳಿನಿಂದ ನಿನ್ನನ್ನು ರೇಷ್ಮೆಗೆ ಹಾಕುವ ಅಂತ ಇದ್ದೇನೆ ಎಂದರು.

ಅಕ್ಕನ ಒಳ್ಳೆಯದಕ್ಕೇ ತೆಗೆದೆ ಎಂದು ನಾನು ಇಷ್ಟು ವರ್ಷ ನನಗೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನನ್ನ ಕಣ್ಣ ಮುಂದೆ ಇದ್ದದ್ದು ಆ ಬಿಳಿ ಹಾಸಿಗೆ. ಇಸ್ತ್ರಿ ಅಂಗಿ ಹಾಕಿ, ಚಕ್ಕಳಮಕ್ಕಳ ಕೂತು, ಮದುವೆ ಮನೆಯವರಿಗೆ ಸೀರೆ ಬಿಡಿಸಿ ತೋರಿಸುವುದು… ಕುಳಿತು ಮಾಡುವ ಕೆಲಸ ನನಗೆ ಬೇಕಿತ್ತು. ಅದಕ್ಕೆ ಅಕ್ಕನ ಸ್ಟೂಲು ಕೊಟ್ಟೆ.

ಅದೇ ಮಧ್ಯಾಹ್ನ ಮೇಲೆ ಹೋದೆ. ಶಿರ್ವದ ಕಡೆಯ ಒಬ್ಬರು ಕ್ರಿಶ್ಚಿಯನ್ ಬಾಯಮ್ಮ, ವಯಸ್ಸಾದವರು, ಮಳೆಯಲ್ಲಿ ನೆನೆದುಕೊಂಡು ಬಂದಿದ್ದರು. ಅಕ್ಕ ಎದ್ದು ನಿಂತು ಅವರಿಗೆ ಸೀರೆ ತೋರಿಸುತ್ತಿದ್ದಳು. ಕೊಟ್ಟ ಮಾತಿನ ಹಾಗೆ ಎದ್ದಿದ್ದಳು. ಸ್ಟೂಲು ಅವಳ ಹಿಂದೆ ಇತ್ತು. ಎದುರಿನಿಂದ ಹೋಗಿ, ಅಕ್ಕ ಇದನ್ನು ತೆಗೆಯಬೇಕಂತೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹಿಂದಿನಿಂದ ಹೋಗಿ, ಸದ್ದಾಗದ ಹಾಗೆ ಎತ್ತಿ, ಹೆಗಲಿಗೇರಿಸಿ ಮೆಟ್ಟಲಿನ ಕಡೆ ನಡೆದೆ. ಅಷ್ಟರಲ್ಲಿ ಬಾಯಮ್ಮನ ಫೋನು ಬಡಿಯಿತು. ಅವರು ಬದಿಗೆ ಹೋಗಿ ಮಾತಾಡತೊಡಗಿದರು. ಅವರ ಮಾತು ಮುಗಿಯುವವರೆಗೆ ಎಂದು ಅಕ್ಕ ಸೆರಗು ಹಿಡಿದುಕೊಂಡು, ತಿರುಗಿ ನೋಡದೆ, ಕೂತಳು.

ಬಿದ್ದ ಸದ್ದಿಗೆ ನಾನು ತಿರುಗಿದೆ. ಅವಳು ನೆಲದ ಮೇಲಿದ್ದಳು. ಬೆನ್ನ ಕೆಳಗಿನ ಮೂಳೆ ನೇರ ಕಲ್ಲಿಗೆ ಬಡಿದಿತ್ತು. ಮೊದಲು ಅವಳು ಹಿಂದೆ ಕೈಯಾಡಿಸಿ ಸ್ಟೂಲನ್ನು ಹುಡುಕಿದಳು, ಆಮೇಲೆ ತಲೆಯೆತ್ತಿ ನೋಡಿದಳು. ನನ್ನ ಹೆಗಲ ಮೇಲೆ ಅದು ಇತ್ತು. ನಾಲ್ಕು ಕಾಲು ಮೇಲೆ ಮಾಡಿಕೊಂಡು.

ಮೇನೇಜರರು ಬಂದು, ಏಳಿ ಏಳಿ, ದಣಿಗಳು ನೋಡುತ್ತಿದ್ದಾರೆ ಎಂದರು. ಅಕ್ಕ ಏಳಲಿಲ್ಲ. ಏಳಲು ಆಗಲಿಲ್ಲವೋ, ಏಳಬಾರದು ಎಂದು ಮಾಡಿದಳೋ, ನಾನು ಕೊನೆಯವರೆಗೂ ಕೇಳಲಿಲ್ಲ. ಮುಖ ಬಿಳಿಚಿತ್ತು. ಕಾಲು ಮಡಚಿ, ಸೀರೆ ಸರಿಮಾಡಿ, ಮೇಲಿನ ಮಹಡಿಯ ಗಂಡಸರು ಕೂರುವ ಹಾಗೆಯೇ ನೆಟ್ಟಗೆ ಕೂತಳು.

"ಸ್ಟೂಲ್ ನಿಮ್ಮದು ಸರ್, ತೆಗೊಂಡು ಹೋಗಿ. ಕಾಲು ನನ್ನದು" ಎಂದಳು.

ಫೋನು ಮುಗಿಸಿ ಬಂದ ಬಾಯಮ್ಮ ಒಂದು ಸಲ ಅವಳನ್ನು, ಒಂದು ಸಲ ನನ್ನ ಹೆಗಲನ್ನು ನೋಡಿದರು. ಕೈಚೀಲ ಕೆಳಗಿಟ್ಟು, ಗೋಡೆ ಹಿಡಿದು, ನಿಧಾನ ನೆಲಕ್ಕೆ ಇಳಿದು ಅಕ್ಕನ ಎದುರು ಕೂತರು. "ಆ ನೀಲಿಯದ್ದು ಇನ್ನೊಮ್ಮೆ ತೋರಿಸು ಮಗಾ" ಎಂದರು. ಅಕ್ಕ ನೆಲದ ಮೇಲೆಯೇ ನೀಲಿ ಸೀರೆ ಬಿಡಿಸಿದಳು. ಬಾಯಮ್ಮ ಅವಸರ ಮಾಡಲಿಲ್ಲ. ಬೇಕೆಂದೇ ಒಂದೊಂದರ ಅಂಚು, ಸೆರಗು, ಒಳಬದಿ ಎಲ್ಲ ನೋಡಿದರು. ಉಳಿದ ಹೆಂಗಸರು ಕಲ್ಲಿನ ಹಾಗೆ ನಿಂತಿದ್ದರು. ಒಬ್ಬಳೂ ಕೂರಲಿಲ್ಲ. ಅವರನ್ನು ದೂರುವ ಹಕ್ಕು ನನಗಿಲ್ಲ.

ದಣಿಗಳೇ ಇಳಿದು ಬಂದರು. ಗಿರಾಕಿಯ ಎದುರು ಗಲಾಟೆ ಮಾಡುವ ಜನ ಅವರಲ್ಲ. ತಗ್ಗಿದ ಸ್ವರದಲ್ಲಿ, ನಾಳೆಯಿಂದ ನೀನು ಬರುವುದು ಬೇಡ ಎಂದರು.

"ಈ ಬಿಲ್ಲೊಂದು ಆಗ್ಲಿ ದಣಿ. ಗಿರಾಕಿ ಇರುವಾಗ ಬಿಟ್ಟು ಹೋಗುವ ಕ್ರಮ ನಂಗಿಲ್ಲ."

ಬಿಲ್ಲು ಆಯಿತು. ಆ ಸೀರೆಗಳನ್ನು ಕೆಳಗೆ ಪ್ಯಾಕು ಮಾಡಿದವನು ನಾನೇ. ಬಾಯಮ್ಮ ಕವರು ತೆಗೆದುಕೊಳ್ಳುವ ಮೊದಲು, ಅವಳು ನಿನಗೆ ಏನಾಗಬೇಕು ಎಂದು ಕೇಳಿದರು. ಅಕ್ಕ ಎಂದೆ. ಅವರು ಕೊಡೆ ಬಿಡಿಸಿ ಮಳೆಗೆ ಇಳಿದರು.

ಆ ಸಂಜೆ ಎಂತಕ್ಕೆ ಓಡಿದೆನೋ ಗೊತ್ತಿಲ್ಲ. ಅಭ್ಯಾಸದ ಬಲ. ಬಸ್ಸು ಬಂದು ನಿಲ್ಲುವಾಗ ಕಿಟಕಿಯಿಂದ ಛತ್ರಿ ಎಸೆದೆ. ಅಕ್ಕ ನಿಧಾನವಾಗಿ, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಹತ್ತಿದಳು. ಕೈಯಲ್ಲಿ ಗೋಬಿ ಇರಲಿಲ್ಲ. ಸೀಟಿನ ಮೇಲಿನ ಛತ್ರಿ ಎತ್ತಿ ನನ್ನ ಕೈಗೆ ಕೊಟ್ಟಳು.

"ನೀನು ಕೂತ್ಕೊ. ನಿಂಗೆ ಸೀಟು ಸಿಕ್ಕಿತಲ್ಲ" ಎಂದಳು.

ರೇಷ್ಮೆಯ ವಿಷಯ ಅವಳಿಗೆ ಯಾರು ಹೇಳಿದರೋ. ಮೇನೇಜರರೇ ಹೇಳಿರಬೇಕು, ತಮ್ಮನನ್ನಾದರೂ ನೋಡಿ ಕಲಿ ಎಂದು. ಹಿಂದಿನಿಂದ ಜನ ತಳ್ಳುತ್ತಿದ್ದರು, ಒಳಗೆ ಹೋಗಿ ಒಳಗೆ ಹೋಗಿ ಎಂದು ಕಂಡಕ್ಟರು ಕೂಗುತ್ತಿದ್ದ. ನಾನು… ನಾನು ಕೂತೆ. ಅಕ್ಕ ಕಾಪುವಿನವರೆಗೆ ಕಂಬಿ ಹಿಡಿದು ನಿಂತಳು. ಪ್ರತಿ ಹೊಂಡಕ್ಕೂ ಅವಳು ಮುಖ ಕಿವುಚುವುದು ನನಗೆ ಕಾಣುತ್ತಿತ್ತು. ಬೇರೆ ಯಾರೋ ಎದ್ದು ಸೀಟು ಕೊಡಲು ಬಂದರೆ, ಬೇಡ, ನನಗೆ ನಿಂತು ಅಭ್ಯಾಸ ಉಂಟು ಎಂದಳು.

ಮನೆಯಲ್ಲಿ ಅಮ್ಮ ಕೇಳಿದರು. ನೋಡದೆ ಕೂತೆ, ಸ್ಟೂಲು ಇರಲಿಲ್ಲ, ಬಿದ್ದೆ ಎಂದಷ್ಟೇ ಅಕ್ಕ ಹೇಳಿದಳು. ಯಾರು ತೆಗೆದದ್ದೆಂದು ಹೇಳಲಿಲ್ಲ. ಅಂದೂ ಇಲ್ಲ, ಮುಂದೆಯೂ ಇಲ್ಲ. ಕೆಲಸ ಹೋದದ್ದಕ್ಕೆ, ಗಂಡಸರು ತಿರುಗುವ ಅಂಗಡಿಯಲ್ಲಿ ನೆಲದ ಮೇಲೆ ಕೂತದ್ದಕ್ಕೆ ಅಮ್ಮ ಬೈದರು. ಅಕ್ಕ ಬೈಸಿಕೊಂಡಳು. ಒಂದು ಮಾತಿಗೆ ಎರಡು ಕೊಡುತ್ತಿದ್ದವಳು ಆ ದಿನ ಮಾತ್ರ ಸುಮ್ಮನಿದ್ದದ್ದು ನನ್ನನ್ನು ಉಳಿಸಲಿಕ್ಕೆ. ಊರಿಗೆ ಸುದ್ದಿ ಮುಟ್ಟುವಾಗ ಅದು ರಂಪ ಆಗಿತ್ತು, ಸೊಕ್ಕು ಆಗಿತ್ತು, ಗಿರಾಕಿ ಬಂದರೂ ಏಳಲಿಲ್ಲ ಎಂದು ಆಗಿತ್ತು. ನಾನು ಅಲ್ಲಿಯೇ ಕೆಲಸದಲ್ಲಿದ್ದವನಲ್ಲವೇ, ಜನ ನನ್ನ ಹತ್ತಿರವೇ ಬಂದು, ಹೌದಾ ಮಾರಾಯ ಎಂದು ಕೇಳಿದರು. ನಾನು ಕೆಳಗೆ ಪ್ಯಾಕಿಂಗಿನಲ್ಲಿದ್ದೆ, ನೋಡಲಿಲ್ಲ ಎಂದೆ.

ಬೆನ್ನ ಕೆಳಗಿನ ಆ ನೋವು ಅವಳಿಗೆ ಪೂರ್ತಿ ಹೋಗಲೇ ಇಲ್ಲ. ಮಳೆಗಾಲ ಬಂದರೆ ಹೆಚ್ಚುತ್ತಿತ್ತು. ಮನೆಯಲ್ಲಿದ್ದಾಗ ಅಮ್ಮ ಬಿಸಿ ಎಣ್ಣೆ ಹಚ್ಚುತ್ತಿದ್ದರು. ನಾನು ಹೊರಗೆ ಜಗಲಿಯಲ್ಲಿ ಕೂತು ಎಣ್ಣೆಯ ವಾಸನೆ ಕುಡಿಯುತ್ತಿದ್ದೆ.

ಅವಳು ಅಳುತ್ತಾ ಕೂತಳು ಎಂದು ಯಾರಾದರೂ ತಿಳಿದಿದ್ದರೆ ಅದೂ ತಪ್ಪು. ಹೊಲಿಗೆ ಕಲಿತಳು. ಕಾರ್ಕಳದಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರದ ಕಟ್ಟಡದಲ್ಲಿ ಒಂದು ಸಣ್ಣ ಕೋಣೆ ಹಿಡಿದು ಮಿಷನು ಹಾಕಿ ಅಲ್ಲಿಯೇ ಉಳಿದಳು. ಕುರ್ಚಿಯ ಮೇಲೆ ದಪ್ಪ ಸ್ಪಂಜು. ಬಾಗಿಲಿಗೇ ತಾಗಿಸಿ ಉದ್ದದ ಬೆಂಚು. ರವಿಕೆ ಹೊಲಿಸಲು ಬಂದವರು ಯಾರೇ ಇರಲಿ, ಮೊದಲು ಕೂರಬೇಕು, ಆಮೇಲೆ ಮಾತು. ಅಳತೆ ತೆಗೆಯಲಿಕ್ಕೆ ನಿಲ್ಲಬೇಕಲ್ಲ ಅಕ್ಕ ಎಂದು ಕಾಲೇಜಿನ ಹುಡುಗಿಯರು ತಮಾಷೆ ಮಾಡುತ್ತಿದ್ದರು. ಕೂತವರಿಗೆ ಮಾತ್ರ ನಿಲ್ಲಲು ಹೇಳುವ ಹಕ್ಕು ನನಗಿರುವುದು ಎನ್ನುತ್ತಿದ್ದಳು.

ನಾನು ರೇಷ್ಮೆಯ ಹಾಸಿಗೆಯ ಮೇಲೆ ಕೂತೆ. ಕೆಲವು ವರ್ಷ ಕೂತೆ. ರಜೆಯ ದಿನ ಕಾರ್ಕಳಕ್ಕೆ ಹೋದರೆ ಅವಳು ಎಂದಿನ ಹಾಗೆಯೇ ಮಾತಾಡುತ್ತಿದ್ದಳು. ಊಟ ಆಯಿತಾ, ಅಮ್ಮನಿಗೆ ಕೆಮ್ಮು ಹೇಗುಂಟು, ಕೂದಲು ಕತ್ತರಿಸು ಎಂದು. ಸಂಜೆ ಗೋಬಿ ತರಿಸುತ್ತಿದ್ದಳು. ಆದರೆ ಎರಡು ಪ್ಲೇಟು. ನಿನ್ನದು ನಿನಗೆ, ನನ್ನದು ನನಗೆ. ಮೊದಲ ಸಲ ನಾನು ಒಂದೇ ಸಾಕಿತ್ತಲ್ಲ ಎಂದದ್ದಕ್ಕೆ, ಹೊಟ್ಟೆ ತುಂಬ ತಿನ್ನು ಎಂದಳು. ಅಷ್ಟೇ. ಅವಳು ನನಗೆ ಕೊಟ್ಟ ಶಿಕ್ಷೆ ಅದೊಂದೇ. ಕೊನೆಯ ತುಂಡು ಯಾರಿಗೆ ಎಂಬ ಪ್ರಶ್ನೆಯೇ ಆಮೇಲೆ ಬರಲಿಲ್ಲ…

ಅಂಗಡಿಗೆ ದಣಿಗಳ ಮಗ ಬಂದ. ಗೋಡೆಗೆ ಗಾಜು, ತಂಪು ಗಾಳಿ, ಹೊಸ ಕೌಂಟರು. ಬಿಳಿ ಹಾಸಿಗೆ ಸುತ್ತಿ ಗೋಡೌನಿಗೆ ಹಾಕಿದರು. ರೇಷ್ಮೆಯವರೂ ಇನ್ನು ನಿಂತೇ ತೋರಿಸಬೇಕು ಎಂದಾಯಿತು. ಒಂದು ತಿಂಗಳು ನಿಂತು, ಕಾಲು ಮರಗಟ್ಟಿ, ಕಾರ್ಕಳಕ್ಕೆ ಫೋನು ಮಾಡಿ ಹೇಳಿದೆ. ಅಕ್ಕ ಮಿಷನು ನಿಲ್ಲಿಸಿ ನಕ್ಕಳು. ಕೆಟ್ಟ ನಗು ಅಲ್ಲ, ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ನಕ್ಕ ಹಾಗೆ. "ಹಾಗಾದ್ರೆ ನಾಳೆ ಕ್ಯಾಮರಾದ ಎದುರು ಕೂತು ನೋಡು" ಎಂದಳು. ನಾನು ಕೂರಲಿಲ್ಲ. ಕೆಲಸ ಬಿಟ್ಟೆ. ಬಿಡುವುದು ಸುಲಭ. ಕೂತು ತೋರಿಸುವುದು ಕಷ್ಟ. ಅದು ಅವಳಿಗೆ ಮಾತ್ರ ಬರುತ್ತಿತ್ತು.

ತಪ್ಪಾಯಿತು ಎಂದು ಅವತ್ತು ಫೋನಿನಲ್ಲಿ ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ಗಿರಾಕಿ ಬಂದರು, ಇಡ್ತೇನೆ ಎಂದು ಅವಳು ಇಟ್ಟಳು. ಬರುವ ಸಲ ಎದುರಿನಲ್ಲೇ ಹೇಳೋಣ ಎಂದುಕೊಂಡೆ. ಮಳೆ ಹಿಡಿಯಿತು. ಅವಳಿಗೆ ಜ್ವರ ಬಂತು, ಬರೀ ಜ್ವರ ಎಂದು ಮಾತ್ರೆ ನುಂಗಿ ಹೊಲಿದಳು. ಇಲಿಜ್ವರ ಎಂದು ಗೊತ್ತಾಗಿ ಮಣಿಪಾಲಕ್ಕೆ ಕರೆತರುವಾಗ ತಡವಾಗಿತ್ತು. ಅವಳ ಕಿವಿಗೆ ನನ್ನ ಮಾತು ಮುಟ್ಟುವ ಸ್ಥಿತಿ ಇರಲಿಲ್ಲ. ಮುಟ್ಟದ ಮೇಲೆ ಹೇಳಿದೆ. ಅದು ಲೆಕ್ಕಕ್ಕಿಲ್ಲ.

ಹದಿಮೂರನೆಯ ದಿನದ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟದಲ್ಲಿ ನಾನು ಸಾರಿನ ಬಾಲ್ದಿ ಹಿಡಿದು ಬಡಿಸುತ್ತಿದ್ದೆ. ಪಂಕ್ತಿಯಲ್ಲಿ ಕೂತಿದ್ದ ದೊಡ್ಡ ಮಾವ ಪಕ್ಕದವರಿಗೆ, ಹುಡುಗಿ ಚುರುಕು, ಆದರೆ ಗಿರಾಕಿ ಬಂದರೂ ಏಳದಷ್ಟು ಸೊಕ್ಕು, ಇಲ್ಲದಿದ್ದರೆ ಎಲ್ಲಿಯೋ ಇರುತ್ತಿದ್ದಳು ಎಂದು ಹೇಳುತ್ತಿದ್ದರು. ಅವರು ಅನ್ನದಲ್ಲಿ ಗುಳಿ ಮಾಡಿದರು. ನಾನು ಅದರಲ್ಲಿ ಸಾರು ಬಡಿಸಿ ಮುಂದೆ ಹೋದೆ. ಅವಳ ಬೊಜ್ಜದ ದಿನ ಕೂಡ.

ದೊಡ್ಡ ಮಾವ, ಇದನ್ನು ನಿಮಗೆ ಓದಿ ಹೇಳಲು ಯಾರಾದರೂ ಇದ್ದೇ ಇರುತ್ತಾರೆ. ಓದಿಸಿಕೊಳ್ಳಿ.

ಬರೆದದ್ದನ್ನು ಪತ್ರಿಕೆಗೆ ಕಳುಹಿಸುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ಅವರು ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ನಾವು ಮನೆಯಲ್ಲಿ ಆಡುವುದು ತುಳು. ಕನ್ನಡ ಅರ್ಥವಾಗದಲ್ಲಿ ತುಳುವಿನಲ್ಲಿ ಹೇಳಿದೆ. ಸ್ಟೂಲು ನನ್ನ ಹೆಗಲ ಮೇಲಿತ್ತು ಎಂಬಲ್ಲಿಗೆ ಬಂದಾಗ ಅವರ ಕೈ ನಿಂತಿತು. ಅಕ್ಕನ ಬೆನ್ನಿಗೆ ಎಣ್ಣೆ ಹಚ್ಚಿದ ಕೈ. ನಾನು ನಿಲ್ಲಿಸದೆ ಕೊನೆಯವರೆಗೆ ಓದಿದೆ.

ಇದನ್ನು ಊರಿಗೆಲ್ಲ ಯಾಕೆ ಹೇಳುವುದು ಎಂದು ಅಮ್ಮ ಕೇಳಿದರು. ಅವಳು ಒಳ್ಳೆಯವಳಾಗಿದ್ದಳು ಎಂದಷ್ಟು ಬರೆ, ನಿನ್ನ ವಿಷಯ ಬಿಡು, ನಾಳೆ ನೆಂಟರ ಮುಖ ಹೇಗೆ ನೋಡುತ್ತಿ ಎಂದರು. ಅವಳ ಹೆಸರು ಹಾಳಾಗುವಾಗ ನಾನು ಎಲ್ಲರ ಮುಖ ನೋಡಿಕೊಂಡೇ ಇದ್ದೆ, ಈಗ ಅವರು ನನ್ನ ಮುಖ ನೋಡಲಿ ಎಂದೆ. ಒಂದು ಸಾಲೂ ತೆಗೆಯುವುದಿಲ್ಲ ಎಂದೆ.

ಅಮ್ಮ ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದು ಎಲೆ ಎತ್ತಿಕೊಂಡು, ಕತ್ತರಿಸದೆ, ಹಾಗೆಯೇ ಕೆಳಗಿಟ್ಟರು.

"ಆ ಬಾಯಮ್ಮ ಬಂದಾಗ ಅವಳು ಎದ್ದು ನಿಂತಿದ್ದಳು ಅಂತ ಬರೆದಿದ್ದಿಯಲ್ವಾ?"

ಬರೆದಿದ್ದೇನೆ ಎಂದೆ.

"ಇನ್ನೊಂದು ಸಲ ಬರಿ. ಜನ ಬೇಗ ಬೇಗ ಓದ್ತಾರೆ."

ಇನ್ನೊಂದು ಸಲ ಬರೆಯುತ್ತಿದ್ದೇನೆ. ಗಿರಾಕಿ ಬಂದಾಗ ನನ್ನ ಅಕ್ಕ ಎದ್ದು ನಿಂತಿದ್ದಳು. ಅವಳು ನಿಂತದ್ದರಿಂದಲೇ ನನಗೆ ಸ್ಟೂಲು ತೆಗೆಯಲು ಆದದ್ದು. ಸರಿಯಾಗಿ ಬರೆದೆನಾ ಎಂದು ಕೇಳೋಣವೆಂದರೆ ಅವಳಿಲ್ಲ.